ಹಿತ್ತಲಿನಿಂದ ತಾರಸಿಗೆ: ಪೀಣ್ಯದ ದಾರಿಯಲ್ಲಿ ದೂರದೇಶದ ಹಣ್ಣುಗಳು

ಪೀಣ್ಯ ಎರಡನೇ ಹಂತದ ಒಳರಸ್ತೆಗಳಲ್ಲಿ ಮಣ್ಣು ಕಾಣುವುದೇ ಅಪರೂಪ. ಲೇತ್ ಶೆಡ್ಡಿನ ಪಕ್ಕ ಪೌಡರ್ ಕೋಟಿಂಗ್ ಅಂಗಡಿ, ಅದರಾಚೆ ಟೂಲ್ ರೂಮು, ಮೇಲಿನ ಮಹಡಿಯಲ್ಲಿ ಬಾಡಿಗೆ ಮನೆ. ರಾಜಗೋಪಾಲನಗರ, ಲಗ್ಗೆರೆ, ಚೊಕ್ಕಸಂದ್ರದ ಕಡೆ ಹೋದರೂ ಅಷ್ಟೇ, ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಮನೆಗಳು. ಆದರೆ ತಾರಸಿಗಳ ಮೇಲೆ, ನೀರಿನ ಟ್ಯಾಂಕಿನ ಮಗ್ಗುಲಲ್ಲಿ, ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮಿನಿಂದ ಎದ್ದ ಕಂಬಕ್ಕೆ ಮೂರು ಏಣಿನ ಕಳ್ಳಿಯೊಂದು ಹಬ್ಬಿ ಜೋತುಬಿದ್ದಿರುವುದನ್ನು ಈಗ ಅಲ್ಲಲ್ಲಿ ಕಾಣಬಹುದು. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಡ್ರ್ಯಾಗನ್ ಫ್ರೂಟ್ ತುಮಕೂರು ರಸ್ತೆಯ ಬದಿಯಲ್ಲಿ ಮನೆಹಣ್ಣಾಗಿದೆ.

ಬೆಂಗಳೂರಿಗೆ ಹೊರಗಿನ ಹಣ್ಣು ಬರುವುದು ಹೊಸದೇನಲ್ಲ. ಎರಡೂವರೆ ಶತಮಾನಗಳಿಂದ ಅದು ನಡೆದೇ ಇದೆ. ತರಿಸಿದವರು ದೊರೆಗಳು, ಸಸ್ಯೋದ್ಯಾನದ ಸೂಪರಿಂಟೆಂಡೆಂಟರು, ವಿಜ್ಞಾನಿಗಳು. ಆದರೆ ಬಂದದ್ದರಲ್ಲಿ ಯಾವುದು ಉಳಿಯಬೇಕು, ಯಾವುದು ಮನೆಮಾತಾಗಬೇಕು ಎಂದು ತೀರ್ಮಾನಿಸಿದ್ದರಲ್ಲಿ ಮನೆಯ ಸುತ್ತ ಉಳಿದ ಜಾಗದ ಪಾಲು ದೊಡ್ಡದು. ಹಿತ್ತಲಿದ್ದಾಗ ಒಂದು ಬಗೆಯ ಹಣ್ಣು, ಕ್ವಾರ್ಟರ್ಸಿನ ಕಾಂಪೌಂಡಿನಲ್ಲಿ ಇನ್ನೊಂದು, ಮೂವತ್ತು ನಲವತ್ತರ ಸೈಟಿನಲ್ಲಿ ಮತ್ತೊಂದು, ತಾರಸಿಯಲ್ಲಿ ಮಗದೊಂದು. ಪೀಣ್ಯದ ಆಸುಪಾಸಿನಲ್ಲಿ ಈ ನಾಲ್ಕು ಹಂತಗಳೂ ಕೆಲವೇ ಕಿಲೊಮೀಟರ್‌ಗಳ ಅಂತರದಲ್ಲಿ ಸಿಗುತ್ತವೆ.

ಮೊದಲಿಗೆ ಲಾಲ್‌ಬಾಗ್. 1760ರಲ್ಲಿ ಹೈದರ್ ಅಲಿ ಆರಂಭಿಸಿದ ತೋಟಕ್ಕೆ ಟಿಪ್ಪು ಸುಲ್ತಾನ್ ಕಾಬೂಲ್, ಪರ್ಷಿಯಾ, ಮಾರಿಷಸ್ ಮೊದಲಾದ ಕಡೆಗಳಿಂದ ಬೀಜ, ಸಸಿ ತರಿಸಿದ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಬೆಂಗಳೂರಿನ ಸುಲ್ತಾನರ ತೋಟಗಳನ್ನು ನೋಡಿ ಬರೆದಿಟ್ಟಿದ್ದಾನೆ. ಚೌಕಾಕಾರದ ಮಡಿಗಳು, ನಡುವೆ ನಡೆದಾಡುವ ದಾರಿ, ಒಂದು ಮಡಿಗೆ ಒಂದೇ ಜಾತಿಯ ಗಿಡ; ಒಂದರಲ್ಲಿ ಗುಲಾಬಿ, ಇನ್ನೊಂದರಲ್ಲಿ ದಾಳಿಂಬೆ. ದ್ರಾಕ್ಷಿ, ಸೇಬು, ಪೀಚ್ ಇಲ್ಲಿ ಫಲ ಕೊಡುತ್ತಿದ್ದುದನ್ನೂ ಅವನು ಗಮನಿಸಿದ. ಅದು ಅರಮನೆಯ ತೋಟ. ಅಲ್ಲಿಯ ಹಣ್ಣು ಪೇಟೆಯ ಜನರ ಹಿತ್ತಲಿಗೆ ಬರಲು ಇನ್ನೂ ಕಾಲವಿತ್ತು.

1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ್ದ ಜಾನ್ ಕ್ಯಾಮರಾನ್ ಅದರ ಹೊಣೆ ಹೊತ್ತು, 1908ರವರೆಗೆ ನಡೆಸಿದ. ಗಾಜಿನಮನೆ ಎದ್ದಿದ್ದು ಅವನ ಕಾಲದಲ್ಲೇ. ಅವನು ತರಿಸಿ ಬೆಳೆಸಿದ ಗಿಡಗಳ ಪಟ್ಟಿ ದೊಡ್ಡದು. ಆದರೆ ಜನರ ಕೈಗೆ ನಿಜವಾಗಿ ಹತ್ತಿದ್ದು ಮೆಕ್ಸಿಕೊ ಕಡೆಯ ಒಂದು ಬಳ್ಳಿ, ಸೀಮೆಬದನೆ. ಅದು ಮನೆಮನೆಗೆ ಹರಡಿದ್ದಕ್ಕೆ ಕಾರಣ ಕಾಯಿಯ ಗುಣದಲ್ಲೇ ಇದೆ. ಒಳಗಿರುವುದು ಒಂದೇ ಬೀಜ. ಅದು ಕಾಯಿಯೊಳಗೇ ಮೊಳೆತು ದಪ್ಪ ತುದಿಯಿಂದ ಹೊರಗೆ ಇಣುಕುತ್ತದೆ. ಬೀಜ ಬಿಡಿಸಿ ಒಣಗಿಸುವ ಕೆಲಸವಿಲ್ಲ, ನರ್ಸರಿಯ ಮುಖ ನೋಡಬೇಕಿಲ್ಲ. ಮೊಳಕೆ ಬಂದ ಕಾಯಿಯನ್ನು ಅರ್ಧ ಹೂತು, ಮೇಲೊಂದು ಚಪ್ಪರ ಹಾಕಿದರಾಯಿತು. ಪಕ್ಕದ ಮನೆಯವರಿಗೆ ಕೊಡುವುದೂ ಹಾಗೆಯೇ, ಒಂದು ಕಾಯಿ ಕೊಟ್ಟರೆ ಒಂದು ಬಳ್ಳಿ ಕೊಟ್ಟಂತೆ. ಬೆಂಗಳೂರಿನ ಹಿತ್ತಿಲುಗಳಲ್ಲಿ ಅದು ಎಷ್ಟು ಬೇರೂರಿತೆಂದರೆ ತಮಿಳರು ಇಂದಿಗೂ ಅದನ್ನು ಬೆಂಗಳೂರಿನ ಬದನೆ ಎಂದೇ ಕರೆಯುತ್ತಾರೆ.

ಅದೇ ಕಾಲದಲ್ಲಿ ನಗರದ ಉತ್ತರದಲ್ಲಿ ಇನ್ನೊಂದು ಬದಲಾವಣೆ ನಡೆಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, 1894ರಲ್ಲಿ, ಅರ್ಕಾವತಿ ನದಿಯ ಹೆಸರಘಟ್ಟ ಕೆರೆಯಿಂದ ನೀರು ತರುವ ಚಾಮರಾಜೇಂದ್ರ ಜಲ ಕಾಮಗಾರಿ ಶುರುವಾಯಿತು. 1896ರಲ್ಲಿ ಸೋಲದೇವನಹಳ್ಳಿಯ ಉಗಿ ಪಂಪುಗಳು ಎತ್ತಿಕೊಟ್ಟ ನೀರು ನಗರ ಮುಟ್ಟಿತು. 1898ರ ಪ್ಲೇಗಿನ ನಂತರ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ತುಂಬತೊಡಗಿದಾಗ ಅಲ್ಲಿಯ ಮನೆಗಳಿಗೆ ಅಗಲವಾದ ಕಾಂಪೌಂಡೂ ಇತ್ತು, ನಲ್ಲಿಯೂ ಇತ್ತು. ಮಳೆ ನಂಬಿದ ಹಿತ್ತಲಲ್ಲಿ ಹಲಸು, ಹುಣಸೆ, ನೇರಳೆ ಬದುಕಿಕೊಳ್ಳುತ್ತವೆ. ಏಪ್ರಿಲ್ ಬಿಸಿಲಲ್ಲಿ ಬುಡಕ್ಕೆ ಎರಡು ಕೊಡ ನೀರು ಬೇಡುವ ಪನ್ನೇರಳೆ, ಚಕ್ಕೋತ, ಸಪೋಟಗಳಿಗೆ ನಲ್ಲಿಯೇ ಬೇಕಾಗಿತ್ತು.

ಚಕ್ಕೋತದ ವಿಷಯದಲ್ಲಿ ನಿಲ್ಲದೆ ಮುಂದೆ ಹೋಗುವಂತಿಲ್ಲ. ಆಗ್ನೇಯ ಏಷ್ಯಾದ ಈ ಹಣ್ಣು ಕಿತ್ತಳೆ ಜಾತಿಯಲ್ಲೇ ದೊಡ್ಡದು. ಅದರ ಒಂದು ಬಗೆ ದೇವನಹಳ್ಳಿಯ ಮಣ್ಣಿಗೆ ಹೊಂದಿಕೊಂಡು ಅಲ್ಲಿಯದೇ ಆಯಿತು. ತೊಳೆ ನಸುಗೆಂಪು, ರುಚಿಯಲ್ಲಿ ಕಹಿ ಕಡಿಮೆ. ಇದು ಬಹುಕಾಲ ತೋಟದ ಬೆಳೆಯಾಗಿರಲಿಲ್ಲ, ಹಿತ್ತಲಿನ ಮರವಾಗಿತ್ತು. ಬಾವಿಯ ಪಕ್ಕ ಒಂದು, ಬಚ್ಚಲ ನೀರು ಹರಿಯುವ ಕಡೆ ಇನ್ನೊಂದು. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಆದರೆ 2008ರ ಮೇ ತಿಂಗಳಲ್ಲಿ ಪಕ್ಕದಲ್ಲೇ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತೆರೆದ ಮೇಲೆ ನೆಲದ ಬೆಲೆ ಏರಿ, ಹಿತ್ತಲು ಸೈಟಾಯಿತು. ಮರದ ಹೆಸರಿಗೆ ಕಾನೂನಿನ ರಕ್ಷಣೆ ಇದೆ, ಅದು ನಿಂತ ನೆಲಕ್ಕೆ ಇಲ್ಲ. ಮನೆಹಣ್ಣಿನ ಇತಿಹಾಸದಲ್ಲಿ ಮತ್ತೆ ಮತ್ತೆ ಎದುರಾಗುವ ನೋವು ಇದೇ.

ಮಲ್ಲೇಶ್ವರ, ಬಸವನಗುಡಿ ತುಂಬುತ್ತಿದ್ದ ಕಾಲಕ್ಕೆ ಪೀಣ್ಯ ಇನ್ನೂ ರಾಗಿ, ಅವರೆ, ಹುರುಳಿಯ ಹಳ್ಳಿ.

ಸ್ವಾತಂತ್ರ್ಯದ ನಂತರ ಪಕ್ಕದ ಜಾಲಹಳ್ಳಿಗೆ ಕಾರ್ಖಾನೆಗಳು ಬಂದವು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಗಡಿಯಾರವೂ ಇಲ್ಲಿ ತಯಾರಾಗತೊಡಗಿತು. ಕಾರ್ಖಾನೆಯ ಜೊತೆ ಕಾಲೊನಿ, ಕಾಲೊನಿಯ ಜೊತೆ ಮನೆಯ ಮುಂದೊಂದಿಷ್ಟು, ಹಿಂದೊಂದಿಷ್ಟು ಮಣ್ಣು. ಕೆಲಸಕ್ಕೆ ಬಂದವರು ಹಳೇ ಮೈಸೂರಿನವರು, ಮಲೆನಾಡಿನವರು, ಕರಾವಳಿಯವರು, ಕೇರಳ ತಮಿಳುನಾಡಿನವರು. ರಜೆಗೆ ಊರಿಗೆ ಹೋದವರು ಬರುವಾಗ ಉಪ್ಪಿನಕಾಯಿ ಭರಣಿಯ ಜೊತೆ ಒಂದು ಸಸಿಯನ್ನೋ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬೀಜವನ್ನೋ ತರುವುದು ನಮ್ಮ ಜನರ ಹಳೆಯ ರೂಢಿ. ಕ್ವಾರ್ಟರ್ಸು ಸ್ವಂತದ್ದಲ್ಲ, ನಿವೃತ್ತಿಯಾದರೆ ಬಿಟ್ಟು ಹೋಗಬೇಕು. ಹಾಗಿದ್ದೂ ಹತ್ತು ವರ್ಷಕ್ಕೆ ಫಲ ಕೊಡುವ ಮರವನ್ನು ಅಲ್ಲಿ ನೆಟ್ಟವರ ಬಗ್ಗೆ ಗೌರವ ಮೂಡುತ್ತದೆ.

ಅಂಥ ಮರಗಳಲ್ಲಿ ಬೆಣ್ಣೆಹಣ್ಣು ಒಂದು. ಅಮೆರಿಕ ಖಂಡದ ಈ ಮರ ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿನ ಮರಗಳ ನಡುವೆ ನೆಲೆ ಕಂಡುಕೊಂಡಿತ್ತು. ಬೆಂಗಳೂರಿನ ಜ್ಯೂಸ್ ಅಂಗಡಿಗಳು ಅದನ್ನು ಹಾಲು, ಸಕ್ಕರೆ ಹಾಕಿ ತಿರುವಿ ಬಟರ್ ಫ್ರೂಟ್ ಎಂದು ಲೋಟಕ್ಕೆ ಸುರಿದುಕೊಟ್ಟವು. ಬ್ರೆಡ್ಡಿನ ಮೇಲೆ ಸವರಿ ತಿನ್ನುವ ಪದ್ಧತಿ ಬಂದದ್ದು ಬಹಳ ತಡವಾಗಿ. ಜ್ಯೂಸ್ ಕುಡಿದು ಉಳಿದ ಗೋಟಿನಂಥ ಬೀಜವನ್ನು ಮಣ್ಣಿಗೆ ಒತ್ತಿದರೆ ತಿಂಗಳೊಪ್ಪತ್ತಿನಲ್ಲಿ ಮೊಳಕೆ ಬರುತ್ತದೆ. ಕಷ್ಟ ಇರುವುದು ಆಮೇಲೆ. ಬೀಜದ ಗಿಡ ಫಲಕ್ಕೆ ಬರಲು ಆರೇಳು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ತಾಯಿಮರದ ರುಚಿಯೇ ಬರುತ್ತದೆಂಬ ಖಾತರಿಯೂ ಇಲ್ಲ.

ಬೆಣ್ಣೆಹಣ್ಣಿನ ಹೂವನ್ನು ಹತ್ತಿರದಿಂದ ನೋಡಿದವರಿಗೆ ಒಂಟಿ ಮರ ಏಕೆ ಸತಾಯಿಸುತ್ತದೆಂದು ತಿಳಿಯುತ್ತದೆ. ಹಸಿರು ಮಿಶ್ರಿತ ಹಳದಿಯ ಸಣ್ಣ ಹೂವು. ಹೆಣ್ಣು, ಗಂಡು ಎರಡೂ ಭಾಗಗಳು ಅದರಲ್ಲೇ ಇವೆ. ಆದರೆ ಹೂವು ಎರಡು ಸಲ ಅರಳುತ್ತದೆ. ಒಂದು ಗುಂಪಿನ ಮರಗಳಲ್ಲಿ ಮೊದಲ ದಿನ ಬೆಳಿಗ್ಗೆ ಹೆಣ್ಣಾಗಿ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ, ಮಾರನೆಯ ದಿನ ಮಧ್ಯಾಹ್ನ ಗಂಡಾಗಿ ಪರಾಗ ಉದುರಿಸುತ್ತದೆ. ಇನ್ನೊಂದು ಗುಂಪಿನಲ್ಲಿ ಹೊತ್ತು ತಿರುವುಮುರುವು. ಮಧ್ಯಾಹ್ನ ಹೆಣ್ಣು, ಮಾರನೆಯ ಬೆಳಿಗ್ಗೆ ಗಂಡು. ಎರಡು ಗುಂಪಿನ ಮರಗಳು ಹತ್ತಿರದಲ್ಲಿದ್ದರೆ ಜೇನು ಒಂದರದ್ದನ್ನು ಇನ್ನೊಂದಕ್ಕೆ ತಲುಪಿಸುತ್ತದೆ. ಹೊತ್ತು ಸ್ವಲ್ಪ ಹಿಂದುಮುಂದಾಗಿ ಒಂಟಿ ಮರದಲ್ಲೂ ಕಾಯಿ ಕಚ್ಚುವುದುಂಟು, ಫಸಲು ಮಾತ್ರ ಕಡಿಮೆ. ಸಾಲುಮನೆಗಳ ಕಾಲೊನಿಯಲ್ಲಿ ಒಂದು ಮನೆಯ ಮರ ಇನ್ನೊಂದು ಮನೆಯ ಮರಕ್ಕೆ ಆಸರೆಯಾಗುತ್ತದೆ. ಒಂದನ್ನು ಕಡಿದರೆ ನಾಲ್ಕು ಮನೆಯಾಚೆಯ ಮರ ಬಂಜೆಯಾಗಬಹುದು.

1963ರಲ್ಲಿ ಡಾ. ಎಂ. ಎಚ್. ಮರಿಗೌಡರು ರಾಜ್ಯದ ತೋಟಗಾರಿಕೆ ನಿರ್ದೇಶಕರಾದರು. ಅಮೆರಿಕದ ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದು 1951ರಲ್ಲಿ ಲಾಲ್‌ಬಾಗಿಗೆ ಮರಳಿದ್ದ ಅವರು, ಹಣ್ಣಿನ ಸಸಿ ರಾಜಧಾನಿಯ ಒಂದೇ ಉದ್ಯಾನದಲ್ಲಿ ಸಿಕ್ಕರೆ ಸಾಲದೆಂದು ರಾಜ್ಯದ ಉದ್ದಗಲಕ್ಕೂ ಇಲಾಖೆಯ ತೋಟಗಳನ್ನೂ ನರ್ಸರಿಗಳನ್ನೂ ತೆರೆಸಿದರು. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ ಮುಂದೆ ಹಾಪ್‌ಕಾಮ್ಸ್ ಆದ ಸಂಸ್ಥೆಯ ಹಿಂದೆಯೂ ಅವರ ದುಡಿಮೆ ಇದೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಬರುವಾಗ ಕೈಯಲ್ಲೊಂದು ಸಸಿ ಹಿಡಿದು ಬಸ್ ಹತ್ತುವ ರೂಢಿಗೆ ಅಡಿಪಾಯ ಹಾಕಿದ್ದು ಈ ತಲೆಮಾರು.

1967ರ ಸೆಪ್ಟೆಂಬರ್ 5ರಂದು ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಆರಂಭವಾಗಿ ಹೆಸರಘಟ್ಟದಲ್ಲಿ ನೆಲೆಯೂರಿತು. ಮೊದಲ ನಿರ್ದೇಶಕರು ಡಾ. ಜಿ. ಎಸ್. ರಾಂಧವಾ. ತುಮಕೂರು ರಸ್ತೆಯಲ್ಲಿ ಎಂಟನೇ ಮೈಲಿಯ ಹತ್ತಿರ ಬಲಕ್ಕೆ ತಿರುಗುವ ಹೆಸರಘಟ್ಟ ರಸ್ತೆ ಅಂದಿನಿಂದ ಸಸಿಗಳ ರಸ್ತೆಯೂ ಆಯಿತು. ನಗರಕ್ಕೆ ಮೊದಲು ಕೊಳಾಯಿ ನೀರು ಕೊಟ್ಟ ಊರೇ ಈಗ ಹಣ್ಣಿನ ತಳಿಗಳನ್ನೂ ಕೊಡತೊಡಗಿತು. ಪೀಣ್ಯದವರಿಗೆ ಅದು ನೆರೆಯ ಊರು.

ಈ ಸಂಸ್ಥೆಯ ಕೆಲಸದಲ್ಲಿ ಮನೆಯ ಹಿತ್ತಲಿಗೆ ಹೆಚ್ಚು ಉಪಕಾರ ಮಾಡಿದ ಸಂಗತಿ ಪರಂಗಿಯದು ಎನ್ನಬೇಕು. ನಾಟಿ ಪರಂಗಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಹೂ ಬಿಡುವತನಕ ಯಾವುದು ಯಾವುದೆಂದು ತಿಳಿಯದು. ತೋಟದವನು ಗುಂಡಿಗೆ ಮೂರು ಸಸಿ ನೆಟ್ಟು ಬೇಡದ್ದನ್ನು ಕಿತ್ತಾನು. ಮನೆಯಲ್ಲಿರುವುದು ಬಚ್ಚಲ ಮೋರಿಯ ಪಕ್ಕದ ಒಂದೇ ಗುಂಡಿ, ಅದರಲ್ಲಿ ಎದ್ದದ್ದು ಗಂಡಾದರೆ ಆರು ತಿಂಗಳ ಆಸೆ ನೀರುಪಾಲು. ಸಂಸ್ಥೆಯ ಕೊಡಗಿನ ಚೆಟ್ಟಳ್ಳಿ ಕೇಂದ್ರ ಆರಿಸಿದ ಕೂರ್ಗ್ ಹನಿ ಡ್ಯೂ ಮತ್ತು ಹೆಸರಘಟ್ಟದಲ್ಲಿ ಹುಟ್ಟಿದ ಸೂರ್ಯ ತಳಿಗಳಲ್ಲಿ ಬರೀ ಗಂಡು ಗಿಡವೇ ಇಲ್ಲ. ಒಂದೋ ಹೆಣ್ಣು, ಇಲ್ಲವೇ ಎರಡೂ ಇರುವ ಹೂವಿನ ಗಿಡ. ಒಂದು ಸಸಿ ನೆಟ್ಟರೂ ಹಣ್ಣು ಸಿಗುತ್ತದೆ. ಸೂರ್ಯ ಹುಟ್ಟಿದ್ದು ಹವಾಯಿಯ ಸನ್‌ರೈಸ್ ಸೋಲೊ ತಳಿಯನ್ನು ಪಿಂಕ್ ಫ್ಲೆಶ್ ಸ್ವೀಟ್ ಜೊತೆ ಕೂಡಿಸಿ. ಹಣ್ಣಿನ ತೂಕ 600ರಿಂದ 800 ಗ್ರಾಂ, ಒಂದು ಸಂಸಾರ ಒಂದು ಹೊತ್ತಿಗೆ ತಿಂದು ಮುಗಿಸುವಷ್ಟು.

ಚೆಟ್ಟಳ್ಳಿಯಿಂದಲೇ ಬಂದ ಇನ್ನೊಂದು ಕೊಡುಗೆ ಕಾವೇರಿ ಎಂಬ ಪ್ಯಾಷನ್ ಫ್ರೂಟ್. ನೇರಳೆ ಮತ್ತು ಹಳದಿ ಜಾತಿಗಳ ಮಿಶ್ರಣ. ಕರಾವಳಿಯವರು ಶರಬತ್ತಿನ ಹಣ್ಣೆಂದು ಬಹಳ ಹಿಂದಿನಿಂದ ಬಲ್ಲ ಈ ಬಳ್ಳಿ ಬೆಂಗಳೂರಿನ ಕಾಂಪೌಂಡ್ ಗೋಡೆಗೂ ಕಿಟಕಿಯ ಗ್ರಿಲ್ಲಿಗೂ ಹೇಳಿಮಾಡಿಸಿದಂಥದು. ಬಳ್ಳಿ ಹಬ್ಬಲು ನೆಲ ಬೇಡ, ಬೇರಿಗಷ್ಟು ಮಣ್ಣು ಸಾಕು. ಹಳದಿ ಜಾತಿಯ ಹೂವು ಮಧ್ಯಾಹ್ನದ ಹೊತ್ತಿಗೆ ಅರಳುತ್ತದೆ, ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ಅದಕ್ಕೆ ಬೇರೆ ಬಳ್ಳಿಯೂ ಬೇಕು, ಮರ ಕೊರೆದು ಗೂಡು ಮಾಡುವ ದಪ್ಪ ಕಪ್ಪು ದುಂಬಿಯೂ ಬೇಕು; ಅಷ್ಟು ದೊಡ್ಡ ಹೂವಿನಲ್ಲಿ ಪರಾಗವೂ ಶಲಾಕಾಗ್ರವೂ ಮೈಗೆ ತಾಗುವಂತೆ ನುಗ್ಗಲು ಚಿಕ್ಕ ಜೇನಿಗೆ ಆಗದು. ದುಂಬಿ ಬಾರದ ಕಡೆ ಮನೆಯವರೇ ಬೆರಳ ತುದಿಯಿಂದ ಆ ಕೆಲಸ ಮಾಡುತ್ತಾರೆ.

ಎಲ್ಲ ಹಣ್ಣೂ ಹೀಗೆ ಒಲಿಯಲಿಲ್ಲ. ರಂಬುಟಾನ್, ಮ್ಯಾಂಗೊಸ್ಟೀನ್ ನೀಲಗಿರಿಯ ಬುಡದ ಕಲ್ಲಾರ್, ಬರ್ಲಿಯಾರ್ ಸರ್ಕಾರಿ ತೋಟಗಳಲ್ಲಿ ಬಹುಕಾಲದಿಂದ ಫಲ ಕೊಡುತ್ತಿವೆ. ಮೂಡುಬಿದಿರೆಯ ಸೋನ್ಸ್ ಫಾರ್ಮ್ ಇಂಥ ಹಣ್ಣುಗಳಿಗೆ ಹೆಸರಾಗಿದೆ. ಪುತ್ತೂರಿನಿಂದ 1988ರಲ್ಲಿ ಶುರುವಾದ ಅಡಿಕೆ ಪತ್ರಿಕೆ ರೈತರೇ ರೈತರಿಗೆ ಬರೆಯುವ ಕ್ರಮ ತಂದು, ಕಾಸರಗೋಡು, ದಕ್ಷಿಣ ಕನ್ನಡದ ಅಂಗಳಗಳಿಗೆ ಹೊಸ ಹಣ್ಣುಗಳ ಸುದ್ದಿ ಮುಟ್ಟಿಸಿತು. ಚೆಟ್ಟಳ್ಳಿ ಕೇಂದ್ರ ಅರ್ಕಾ ಕೂರ್ಗ್ ಅರುಣ್ ಎಂಬ ಕೆಂಪು, ಅರ್ಕಾ ಕೂರ್ಗ್ ಪೀತಾಭ್ ಎಂಬ ಹಳದಿ ರಂಬುಟಾನ್ ತಳಿಗಳನ್ನೂ ಕೊಟ್ಟಿದೆ. ಆದರೆ ಪೀಣ್ಯದ ಎತ್ತರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್. ಡಿಸೆಂಬರ್, ಜನವರಿಯ ರಾತ್ರಿ ಚಳಿ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಣಗಾಳಿ. ವರ್ಷವಿಡೀ ಹಸಿಯಾದ ಬೆಚ್ಚನೆ ಗಾಳಿ ಬಯಸುವ ಈ ಮರಗಳ ಎಲೆಯಂಚು ಇಲ್ಲಿ ಸುಟ್ಟಂತೆ ಕಂದಾಗುತ್ತದೆ. ನರ್ಸರಿಯವರ ಮಾತು ನಂಬಿ ಸಾವಿರಾರು ರೂಪಾಯಿ ತೆತ್ತು ಮ್ಯಾಂಗೊಸ್ಟೀನ್ ತರುವ ಬೆಂಗಳೂರಿಗರಿಗೆ ಇದನ್ನು ಮೊದಲೇ ಹೇಳುವವರು ಬೇಕು.

1970ರ ದಶಕದ ಕೊನೆಯ ಹೊತ್ತಿಗೆ ಪೀಣ್ಯದ ರಾಗಿ ಹೊಲಗಳ ಮೇಲೆ ಕೈಗಾರಿಕಾ ಪ್ರದೇಶ ಎದ್ದಿತು. ಮುಂದೆ ಅದು ಏಷ್ಯಾದ ದೊಡ್ಡ ಸಣ್ಣಕೈಗಾರಿಕಾ ನೆಲೆಗಳಲ್ಲಿ ಒಂದಾಯಿತು. ದೊಡ್ಡ ಕಾರ್ಖಾನೆಗಳ ಹಾಗೆ ಇಲ್ಲಿಯ ಚಿಕ್ಕ ಶೆಡ್ಡುಗಳು ಕಾಲೊನಿ ಕಟ್ಟಿಕೊಡಲಿಲ್ಲ. ದುಡಿಯಲು ಬಂದವರು ದಾಸರಹಳ್ಳಿ, ಹೆಗ್ಗನಹಳ್ಳಿ, ನೆಲಗದರನಹಳ್ಳಿಗಳಲ್ಲಿ ವಠಾರ ಹಿಡಿದರು, ಕೈಯಲ್ಲಿ ನಾಲ್ಕು ಕಾಸಾದ ಮೇಲೆ ಇಪ್ಪತ್ತು ಮೂವತ್ತರ ಸೈಟು ಕೊಂಡರು. ಆ ಸೈಟಿನಲ್ಲಿ ಮನೆ, ಸಂಪು, ಮೆಟ್ಟಿಲು ಆದ ಮೇಲೆ ಉಳಿಯುವುದು ಗೇಟಿನ ಪಕ್ಕದ ಎರಡು ಅಡಿ. ಅಲ್ಲೊಂದು ಕರಿಬೇವು, ಹೆಚ್ಚೆಂದರೆ ಒಂದು ಪರಂಗಿ ಅಥವಾ ಸೀಬೆ. ಚಕ್ಕೋತ, ಬೆಣ್ಣೆಹಣ್ಣಿಗೆ ಇಲ್ಲಿ ಜಾಗವಿಲ್ಲ. ನಾಲ್ಕು ವರ್ಷಕ್ಕೆ ಬೇರು ಸಂಪಿನ ಗೋಡೆ ಹುಡುಕುತ್ತದೆ.

ಆ ದಿನಗಳಲ್ಲಿ ಪೀಣ್ಯದ ಮಕ್ಕಳಿಗೆ ಒದಗಿದ ಹಣ್ಣು ಯಾವ ಇಲಾಖೆಯೂ ಹಂಚದ ಗಸಗಸೆ ಹಣ್ಣು. ಸಿಂಗಪುರ ಚೆರ್ರಿ ಎಂಬ ಹೆಸರೂ ಇರುವ ಈ ಮರದ ತವರು ಸಿಂಗಪುರವಲ್ಲ, ಉಷ್ಣವಲಯದ ಅಮೆರಿಕ. ಶೆಡ್ಡಿನ ಹಿಂದೆ, ಟ್ರಾನ್ಸ್‌ಫಾರ್ಮರ್ ಬುಡದಲ್ಲಿ, ಚರಂಡಿಯ ಕಲ್ಲಿನ ಸಂದಿಯಲ್ಲಿ ತಾನಾಗಿ ಹುಟ್ಟುತ್ತದೆ. ಬೀಜ ತರುವುದು ಬಾವಲಿ ಮತ್ತು ಹಕ್ಕಿಗಳು. ಎರಡು ವರ್ಷಕ್ಕೆ ಕೊಡೆಯಂತೆ ಹರಡಿ ನೆರಳು ಕೊಡುತ್ತದೆ. ಐದೆಸಳಿನ ಬಿಳಿ ಹೂವು, ಸಂಜೆಗೆ ಎಸಳುದುರಿ ಕಾಯಿ ಕೆಳಕ್ಕೆ ಬಾಗುತ್ತದೆ. ಅಂಟಂಟಾದ ಎಲೆಯನ್ನು ಸರಿಸಿ ಕೆಂಪಾದ ಹಣ್ಣನ್ನು ಹಿಸುಕಿದರೆ ಬಾಯಿಗೆ ಬರುವುದು ಗಸಗಸೆಯಷ್ಟು ಸಣ್ಣ ಬೀಜ ತುಂಬಿದ ಸಿಹಿ ಪಾಕ. ವರ್ಷದ ಬಹುಪಾಲು ಹಣ್ಣಿರುತ್ತದೆ. ಕಾರ್ಖಾನೆಯ ಧೂಳಿನ ಕೈಯಲ್ಲೇ ಕಿತ್ತು ಬಾಯಿಗೆ ಹಾಕಿಕೊಂಡವರು ಎಷ್ಟು ಮಂದಿಯೋ. ಮಾರುಕಟ್ಟೆಗೆ ಹೋಗದ, ಬೆಲೆ ಕಟ್ಟದ ಈ ಹಣ್ಣಿಗೆ ನಗರದ ತೋಟಗಾರಿಕೆಯ ಇತಿಹಾಸದಲ್ಲಿ ಒಂದು ಅಧ್ಯಾಯ ಸಲ್ಲಬೇಕು.

ನೆಲ ಮುಗಿದಾಗ ಉಳಿದದ್ದು ತಾರಸಿ. ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರಾಗಿದ್ದ ಡಾ. ಬಿ. ಎನ್. ವಿಶ್ವನಾಥ್ ಅವರು 1990ರ ದಶಕದಿಂದಲೇ ಬೆಂಗಳೂರಿಗರಿಗೆ ಸಾವಯವ ತಾರಸಿ ತೋಟದ ಪಾಠ ಹೇಳಿಕೊಟ್ಟರು. 2011ರಲ್ಲಿ ಆರಂಭವಾದ 'ಊಟ ಫ್ರಮ್ ಯುವರ್ ತೋಟ' ಮೇಳಗಳು ಆ ಪಾಠವನ್ನು ಬಡಾವಣೆಯಿಂದ ಬಡಾವಣೆಗೆ ಕೊಂಡೊಯ್ದವು. ಸೊಪ್ಪು, ಟೊಮೆಟೊದಿಂದ ಶುರು ಮಾಡಿದವರು ಹಣ್ಣಿನತ್ತ ಹೊರಳಿದರು. ಕುಂಡದಲ್ಲೇ ಕಾಯಿ ಬಿಡುವ ಬಾರ್ಬಡೋಸ್ ಚೆರ್ರಿ, ಸುರಿನಾಮ್ ಚೆರ್ರಿ, ತಿಂದ ಮೇಲೆ ನಿಂಬೆಹುಳಿಯೂ ಸಿಹಿಯೆನಿಸುವ ಮಿರಾಕಲ್ ಫ್ರೂಟ್, ಕಡೆಗೆ ಡ್ರ್ಯಾಗನ್ ಫ್ರೂಟ್.

ಡ್ರ್ಯಾಗನ್ ಫ್ರೂಟನ್ನು ಬೆಂಗಳೂರಿನ ಮನೆಗಳು ಸಲೀಸಾಗಿ ಒಪ್ಪಿಕೊಂಡಿದ್ದರ ಹಿಂದೆ ಹಳೆಯ ನಂಟೊಂದು ಕೆಲಸ ಮಾಡಿರಬೇಕು. ಇಲ್ಲಿಯ ಅನೇಕ ಮನೆಗಳ ಮೂಲೆಯಲ್ಲಿ ಬ್ರಹ್ಮಕಮಲವೆಂದು ಕರೆಯುವ ಗಿಡವಿರುತ್ತದೆ. ಅದೂ ಮಧ್ಯ ಅಮೆರಿಕದ ಕಳ್ಳಿಯೇ, ಡ್ರ್ಯಾಗನ್ ಫ್ರೂಟಿನ ದಾಯಾದಿ. ಮೊಗ್ಗು ಬಾತಿತೆಂದರೆ ಅಕ್ಕಪಕ್ಕದವರನ್ನು ಕರೆದು, ಅರಿಶಿನ ಕುಂಕುಮ ಇಟ್ಟು, ನಡುರಾತ್ರಿಯವರೆಗೆ ಕಾದು ನೋಡುವ ಸಂಭ್ರಮ ಎಷ್ಟೋ ಕಾಲದಿಂದ ನಡೆದುಬಂದಿದೆ. ಡ್ರ್ಯಾಗನ್ ಫ್ರೂಟಿನ ಹೂವೂ ಕತ್ತಲಾದ ಮೇಲೆಯೇ ಅರಳುವುದು, ಬೆಳಗಿನ ಬಿಸಿಲಿಗೆ ಬಾಡುವುದು. ಅಂಗೈಗಿಂತ ದೊಡ್ಡ ಹೂವು, ಹೊರಗೆ ಹಸಿರು ಹಳದಿಯ ಎಸಳು, ಒಳಗೆ ಬೆಳ್ಳಗೆ, ನಡುವೆ ನೂರಾರು ಹಳದಿ ಕೇಸರ. ಬಿಳಿ ತಿರುಳಿನ ಜಾತಿಗಳು ಬಹುಮಟ್ಟಿಗೆ ತಾವೇ ಕಾಯಿ ಕಟ್ಟುತ್ತವೆ. ಕೆಂಪು ತಿರುಳಿನ ಹಲವಕ್ಕೆ ಬೇರೆ ಗಿಡದ ಪರಾಗ ಬೇಕು. ಬಣ್ಣ ಹಚ್ಚುವ ಮೆತ್ತನೆ ಕುಂಚ ಹಿಡಿದು ರಾತ್ರಿ ತಾರಸಿ ಹತ್ತುವವರು ಅದಕ್ಕೇ. ಹೂವು ಬಾಡಿ ಒಂದು ತಿಂಗಳು ದಾಟುವಷ್ಟರಲ್ಲಿ ಹಣ್ಣು ಕೆಂಪಾಗುತ್ತದೆ. ಮಳೆಗಾಲದುದ್ದಕ್ಕೂ ಹೂವು ಸರದಿಯ ಮೇಲೆ ಬರುತ್ತದೆ.

ಬೆಳೆಸುವುದು ಕಷ್ಟವಲ್ಲ. ಗೇಣುದ್ದದ ಕಾಂಡ ಕತ್ತರಿಸಿ, ಗಾಯ ಒಣಗುವಂತೆ ಕೆಲವು ದಿನ ನೆರಳಲ್ಲಿಟ್ಟು, ಆಮೇಲೆ ನೆಡಬೇಕು. ಹಸಿ ಗಾಯದಲ್ಲೇ ನೆಟ್ಟರೆ ಕೊಳೆಯುತ್ತದೆ. ನಡುವೆ ಒಂದಾಳೆತ್ತರದ ಕಂಬ, ತುದಿಗೆ ಸ್ಕೂಟರಿನ ಹಳೆಯ ಟೈರು ಅಥವಾ ಕಬ್ಬಿಣದ ಬಳೆ. ಕಾಂಡ ಮೇಲೇರಿ ಬಳೆಯಾಚೆ ಜೋತುಬಿದ್ದ ಮೇಲೆಯೇ ಹೂವಿನ ಮಾತು. ವೆಲ್ಡಿಂಗ್ ಅಂಗಡಿಗಳ ಪೀಣ್ಯದಲ್ಲಿ ಕಂಬ, ಬಳೆಗೆ ಕೊರತೆಯಿಲ್ಲ. ಎರಡು ನೂರು ಲೀಟರಿನ ಡ್ರಮ್ ಗುಜರಿಯಲ್ಲಿ ಸಿಗುತ್ತದೆ, ಅಡ್ಡ ಕೊಯ್ದರೆ ಎರಡು ಕುಂಡ. ಆದರೆ ಇಲ್ಲಿ ಎಚ್ಚರ ಬೇಕು. ಆಸಿಡ್, ಬಣ್ಣ, ಪ್ಲೇಟಿಂಗ್ ದ್ರಾವಣ ತುಂಬಿದ್ದ ಡ್ರಮ್ಮು ಎಷ್ಟು ತೊಳೆದರೂ ಹಣ್ಣಿನ ಗಿಡಕ್ಕೆ ಸಲ್ಲದು. ಆಹಾರ ಪದಾರ್ಥ ಬಂದದ್ದೇ ಆಗಬೇಕು. ಒದ್ದೆ ಮಣ್ಣು ತುಂಬಿದ ನೂರು ಲೀಟರಿನ ಕುಂಡ ಒಂದೂವರೆ ಕ್ವಿಂಟಲ್ ಹತ್ತಿರ ತೂಗುತ್ತದೆ. ತಾರಸಿಯ ನಡುಮಧ್ಯೆ ಇಡದೆ ಕಂಬ, ತೊಲೆಗಳ ಮೇಲೆ ಬರುವಂತೆ ಇಡಬೇಕು, ಮಣ್ಣಿಗೆ ಕೊಕೊಪೀಟ್ ಬೆರೆಸಿ ಭಾರ ತಗ್ಗಿಸಬೇಕು.

ನೀರಿನ ಪ್ರಶ್ನೆ ಇನ್ನೂ ಗಂಭೀರ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಬೆರೆತಿರುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಲೋಹಕ್ಕೆ ಲೇಪ ಕೊಡುವ ಉದ್ಯಮದ ಬಳುವಳಿ ಅದು. ಬೋರ್‌ವೆಲ್ ನೀರು ಪರೀಕ್ಷಿಸದೆ ಹಣ್ಣಿಗೆ ಹಾಕುವುದು ಸರಿಯಲ್ಲ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿಯಾಗಿ ಮಳೆನೀರು ಸಂಗ್ರಹ ಕಡ್ಡಾಯವಾದ ಮೇಲೆ ಕೆಲವು ಮನೆಗಳಲ್ಲಾದರೂ ಮಳೆನೀರಿನ ತೊಟ್ಟಿ ಬಂತು. 2024ರ ಮಾರ್ಚ್‌ನಲ್ಲಿ ನಗರದ ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ ಐದು ಸಾವಿರ ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಸೊಪ್ಪಿನ ಮಡಿಗಳು ಒಣಗಿದ ಆ ಬೇಸಿಗೆಯನ್ನು, ಅಕ್ಕಿ ತೊಳೆದ ನೀರು ಕಂಡರೆ ಸಾಕೆನ್ನುವ ಕಳ್ಳಿ ಜಾತಿ ದಾಟಬಲ್ಲುದಾಗಿತ್ತು.

ಸಂಶೋಧನೆಯೂ ಡ್ರ್ಯಾಗನ್ ಫ್ರೂಟಿನತ್ತ ಹೊರಳಿದೆ. ಗುಜರಾತ್ ಸರ್ಕಾರ 2021ರ ಜನವರಿಯಲ್ಲಿ ಕಮಲಂ ಎಂದು ಹೆಸರಿಟ್ಟ ಈ ಹಣ್ಣಿನ ಉತ್ಕೃಷ್ಟತಾ ಕೇಂದ್ರವನ್ನು ಹೆಸರಘಟ್ಟದ ಸಂಸ್ಥೆಯ ಹಿರೇಹಳ್ಳಿ ಕೇಂದ್ರದಲ್ಲಿ ತೆರೆಯಲು 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಹಿರೇಹಳ್ಳಿ ಇರುವುದು ಪೀಣ್ಯದಿಂದ ಇದೇ ಹೆದ್ದಾರಿಯಲ್ಲಿ ಮುಂದೆ, ತುಮಕೂರಿನ ಹತ್ತಿರ.

ಅದೇ ಹಿರೇಹಳ್ಳಿ ಕೇಂದ್ರದ ಇನ್ನೊಂದು ಕೆಲಸವನ್ನು ಪೀಣ್ಯ, ಜಾಲಹಳ್ಳಿಯವರು ಗಮನಿಸಬೇಕು. ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಸಿದ್ದಪ್ಪ ಎಂಬ ರೈತರು ನೆಟ್ಟಿದ್ದ ಒಂದು ಹಲಸಿನ ಮರದ ತೊಳೆ ತಾಮ್ರಗೆಂಪು, ಹಣ್ಣು ಚಿಕ್ಕದು, ರುಚಿ ಎಲ್ಲೂ ಇಲ್ಲದ್ದು. ವಿಜ್ಞಾನಿಗಳು ಅದನ್ನು ಗುರುತಿಸಿ, ಸಿದ್ದು ಎಂದು ರೈತರ ಹೆಸರನ್ನೇ ಇಟ್ಟು, ಕಸಿಸಸಿ ಮಾಡಿ, ಮಾರಾಟದ ಹಣದಲ್ಲಿ ಆ ಕುಟುಂಬಕ್ಕೂ ಪಾಲು ಬರುವಂತೆ ಒಪ್ಪಂದ ಮಾಡಿಕೊಂಡರು. ಜಮೀನಿನಲ್ಲಿದ್ದ ಒಂದೇ ಒಂದು ಮರ ಹೀಗೆ ನಾಡಿನ ತುಂಬ ಹರಡಿತು.

ಎಪ್ಪತ್ತು ವರ್ಷದ ಹಳೆಯ ಕಾಲೊನಿಗಳ ಅಂಗಳದಲ್ಲಿ, ಮಲ್ಲೇಶ್ವರದ ಉಳಿದ ಕಾಂಪೌಂಡುಗಳಲ್ಲಿ, ಯಾರದೋ ಊರಿನಿಂದ ಬಂದ ಬೀಜ ಮರವಾಗಿ ನಿಂತಿರುವ ಬೆಣ್ಣೆಹಣ್ಣು, ಚಕ್ಕೋತ, ಪನ್ನೇರಳೆಗಳಲ್ಲಿ ಅಂಥ ಗುಣದವು ಇರಬಹುದು. ಬೀಜದಿಂದ ಹುಟ್ಟಿದ ಪ್ರತಿ ಮರವೂ ತನ್ನದೇ ತಳಿ, ಕಡಿದರೆ ಅದರ ಪ್ರತಿ ಇನ್ನೆಲ್ಲೂ ಇರುವುದಿಲ್ಲ. ಹಳೆಯ ಮನೆ ಒಡೆಯುವಾಗ ಕಿಟಕಿ, ಬಾಗಿಲು, ಹೆಂಚನ್ನು ಜೋಪಾನವಾಗಿ ಕಳಚಿ ಮಾರುತ್ತಾರೆ, ಮರವನ್ನು ಮಾತ್ರ ಸೌದೆಗೆ ಕೊಡುತ್ತಾರೆ. ಉಳಿಸಿಕೊಳ್ಳಲು ಬೇಕಾದದ್ದು ಬಹಳ ಕಡಿಮೆ. ಬೆಣ್ಣೆಹಣ್ಣಿಗೆ ಪೆನ್ಸಿಲ್ ಗಾತ್ರದ ಬಲಿತ ಕಸಿಕಡ್ಡಿ ನಾಲ್ಕಾರು, ಒದ್ದೆ ಬಟ್ಟೆ, ಪ್ಲಾಸ್ಟಿಕ್ ಚೀಲ, ಅದೇ ದಿನ ಕೂಡಿಸಲು ಒಂದು ಬೇರುಸಸಿ. ಚಕ್ಕೋತಕ್ಕೆ ಗೂಟಿ ಸುಲಭ. ಮಳೆಗಾಲದ ಆರಂಭದಲ್ಲಿ ಕೊಂಬೆಯ ತೊಗಟೆಯನ್ನು ಉಂಗುರದಂತೆ ಬಿಡಿಸಿ, ಒದ್ದೆ ಪಾಚಿ ಅಥವಾ ಕೊಕೊಪೀಟ್ ಕಟ್ಟಿ, ಪಾಲಿಥೀನ್ ಸುತ್ತಿದರೆ ಎರಡು ತಿಂಗಳ ಸುಮಾರಿಗೆ ಬಿಳಿ ಬೇರುಗಳು ಹೊರಗಿನಿಂದಲೇ ಕಾಣುತ್ತವೆ. ಮನೆ ಒಡೆಯುವ ಮಾತು ಶುರುವಾದ ವರ್ಷದ ಜೂನ್‌ನಲ್ಲೇ ಗೂಟಿ ಕಟ್ಟಿದರೆ ಜೆಸಿಬಿ ಬರುವ ಮೊದಲು ಸಸಿ ಕೆಳಗಿಳಿದಿರುತ್ತದೆ.